ಸಿಗಲಿಲ್ಲಪ್ಪನವರ ಒಂದೇ ಗೂಟ

ಸಿಗಲಿಲ್ಲಪ್ಪನವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಒಳ್ಳೆಯ ಹೆಸರೇ. ಆದರೆ ಅದನ್ನು ಇಲ್ಲಿ ಬರೆದು, ಆಗಿರುವ ಅವಮಾನದ ಮೇಲೆ ಇನ್ನೊಂದನ್ನು ಹೇರುವ ಮನಸ್ಸು ನನಗಿಲ್ಲ. ಬೀದಿಯವರು ಕರೆಯುವ ಹೆಸರೇ ಸಾಕು.

ಆ ಹೆಸರು ಹೇಗೆ ಬಂತೆಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಳಗ್ಗೆ ಸ್ನಾನಕ್ಕೆ ಹೊರಟ ಅವರು ಬಚ್ಚಲಮನೆ ಬಾಗಿಲ ಹಿಂದಿನ ಗೂಟವನ್ನು ನೋಡುತ್ತಾರೆ. ಟವೆಲ್ ಅಲ್ಲಿದ್ದರೆ ಸರಿ. ಇಲ್ಲದಿದ್ದರೆ ನಾಲ್ಕು ಮನೆಯಾಚೆಗೆ ಕೇಳುವಂತೆ "ಟವೆಲ್ ಸಿಗಲಿಲ್ಲ!" ಎಂದು ಒಂದು ಕೂಗು. ಆ ಗೂಟದ ಪಕ್ಕ ಇನ್ನೊಂದು ಗೂಟವಿದೆ, ಕೋಣೆಯಲ್ಲಿ ಕುರ್ಚಿಯಿದೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯಿದೆ. ಅವೆಲ್ಲ ಅವರ ಪಾಲಿಗೆ ಬೇರೆ ದೇಶದಲ್ಲಿವೆ. ಒಂದು ಜಾಗ ನೋಡುವುದು, ಅಲ್ಲಿಲ್ಲದಿದ್ದರೆ ಎಲ್ಲೂ ಇಲ್ಲವೆಂದು ತೀರ್ಮಾನಿಸುವುದು, ಆಮೇಲೆ ಯಾರೋ ಕದ್ದಿದ್ದಾರೆಂದು ಸಾರುವುದು ಅವರ ಕ್ರಮ. ಹೆಂಡತಿ ಒಲೆ ಸಣ್ಣ ಮಾಡಿ ಬಂದು, ಕುರ್ಚಿಯ ಬೆನ್ನ ಮೇಲಿದ್ದ ಟವೆಲನ್ನು ತೆಗೆದು ಕೈಗೆ ಕೊಟ್ಟು, "ತಗೊಳ್ಳಿ, ಕಳ್ಳ ವಾಪಸ್ ತಂದಿಟ್ಟಿದ್ದಾನೆ" ಎಂದು ಒಳಗೆ ಹೋಗುತ್ತಾಳೆ. ಮದುವೆಯಾದಂದಿನಿಂದ ಆ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಕಳ್ಳತನಗಳಾಗಿವೆ, ಕಳೆದುಹೋದದ್ದು ಮಾತ್ರ ಏನೂ ಇಲ್ಲ.

ಇಂಥವರ ಕೈಗೆ ಊರಿನ ನೀರು ಹೋಯಿತು.

ಅವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಅಲ್ಲಿ ಮೂಲೆಯ ಕೋಣೆಯೊಂದರಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುವ ಒಂದು ಕಂಪ್ಯೂಟರ್ ಹಗಲಿರುಳು ಗುಂಯ್‌ಗುಡುತ್ತ ಕೂತಿರುತ್ತದೆ. ಯಾವ ಬೀದಿಯ ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೆಲ್ಲ ಅದರ ತಲೆಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಆಪರೇಟರಿಗೆ ವರ್ಗವಾಯಿತು. ಕೀಬೋರ್ಡಿನ ಮೇಲೆ ಎರಡು ಕೈಯನ್ನೂ ಇಡಬಲ್ಲ ಇನ್ನೊಬ್ಬರು ಕಚೇರಿಯಲ್ಲಿ ಇವರೇ ಆದ್ದರಿಂದ, ಸಾಹೇಬರು ಕೋಣೆಯ ಬೀಗದ ಕೈಯನ್ನು ಇವರಿಗೆ ಕೊಟ್ಟರು.

ಆ ಯಂತ್ರದೊಳಗೆ ಎರಡು ಹೆಸರಿನಲ್ಲಿ ಹೋಗಬಹುದು. ಒಂದು, ದಿನದ ಕೆಲಸಕ್ಕೆ ಸಾಮಾನ್ಯ ಬಳಕೆದಾರನ ಹೆಸರು. ಇನ್ನೊಂದು, ರೂಟ್. ರೂಟ್ ಎಂದರೆ ಯಜಮಾನ. ಅವನು ಹೇಳಿದ್ದಕ್ಕೆ ಯಂತ್ರ ಎದುರಾಡುವುದಿಲ್ಲ, ಒಳ್ಳೆಯದು ಹೇಳಿದರೂ, ಕೆಟ್ಟದ್ದು ಹೇಳಿದರೂ. "ತೀರಾ ಬೇಕಾದಾಗ ಮಾತ್ರ ರೂಟ್ ಆಗಿ ಹೋಗಿ, ಉಳಿದಂತೆ ಸಾಮಾನ್ಯನಾಗಿರಿ" ಎಂದು ಹಳೆಯ ಆಪರೇಟರ್ ಕೈ ಹಿಡಿದು ಹೇಳಿ ಹೋಗಿದ್ದ. ಹುಟ್ಟಿದಾಗಿನಿಂದ ಸಾಮಾನ್ಯರಾಗಿಯೇ ಇದ್ದ ಸಿಗಲಿಲ್ಲಪ್ಪನವರಿಗೆ ಆ ಮಾತು ರುಚಿಸಲಿಲ್ಲ. ಮೊದಲ ದಿನದಿಂದಲೂ ಅವರು ರೂಟ್ ಆಗಿಯೇ ಒಳಗೆ ಹೋದರು, ರೂಟ್ ಆಗಿಯೇ ಹೊರಗೆ ಬಂದರು, ಮನೆಗೂ ರೂಟ್ ಆಗಿಯೇ ಹೋದರು.

"ಇನ್ಮೇಲೆ ನಾನು ರೂಟ್ ಕಣೇ" ಎಂದರು ಹೆಂಡತಿಗೆ.

"ಅಂದ್ರೆ? ಮನೆಗೆ ಬೇಗ ಬರ್ತೀರಾ?"

"ಹಾಗೇನಿಲ್ಲ."

"ತಡವಾಗಿ ಬರ್ತೀರಾ?"

"ಹಾಗೂ ಇಲ್ಲ."

"ಮತ್ತೆ ಏನು ವ್ಯತ್ಯಾಸ? ಕೈತೊಳ್ಕೊಂಡು ಬನ್ನಿ."

ಮನೆಯಲ್ಲಿ ಈ ಅಧಿಕಾರಕ್ಕೆ ಬೆಲೆ ಕೊಟ್ಟವನು ಒಬ್ಬನೇ, ಹೆಂಡತಿಯ ತಮ್ಮ. ಅವನು ಅಕ್ಕನ ಮನೆಗೆ ಬಂದು ಕೂತದ್ದಕ್ಕೆ ಕಾರಣವಿತ್ತು. ಅವನಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ ಸಿಕ್ಕಿತ್ತು. ಮರಳಿನ ಮೂಟೆ ಹೊತ್ತು ಮೆಟ್ಟಿಲು ಹತ್ತಿ, ಹೊಗೆ ತುಂಬಿದ ಕೋಣೆಯಲ್ಲಿ ತೆವಳಿ, ಹಲವು ಸಲ ಸೋತು ಕೊನೆಗೆ ಗೆದ್ದಿದ್ದ. ಇದೊಂದು ತಪ್ಪಿದರೆ ವಯಸ್ಸು ಮೀರಿ ಮತ್ತೆ ಅರ್ಜಿ ಹಾಕುವಂತೆಯೂ ಇರಲಿಲ್ಲ. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಅದಕ್ಕೆ ಮುಂಚೆ, ಇವನ ನಡತೆ ಒಳ್ಳೆಯದೆಂದು ಪೊಲೀಸರು ಒಂದು ಪತ್ರ ಬರೆದುಕೊಡಬೇಕು. ಅದು ಇನ್ನೇನು ಬಂತು ಎನ್ನುವಂತಿತ್ತು. ತಾಯಿಯಿಲ್ಲದ ತಮ್ಮನನ್ನು ಸಾಕಿದ್ದು ಅಕ್ಕನೇ. ಅವಳು ಅವನ ಹೊಸ ಖಾಕಿ ಬಟ್ಟೆಗೆ ಆಗಲೇ ಎರಡು ಸಲ ಇಸ್ತ್ರಿ ಹಾಕಿದ್ದಳು.

ಗುರುವಾರ ಸಂಜೆ ಸಿಗಲಿಲ್ಲಪ್ಪನವರು ಭಾವಮೈದನನ್ನು ಕಚೇರಿಗೆ ಕರೆದುಕೊಂಡು ಹೋದರು. ಹೋಗಲೇಬೇಕಾದ ಕೆಲಸವೇನೂ ಇರಲಿಲ್ಲ.

"ಯಾರು ಸಾರ್ ಇವರು?" ಎಂದ ಗೇಟಿನ ಕಾವಲುಗಾರ.

"ನನ್ನ ಕಡೆಯವರು" ಎಂದು, ರೂಟಿಗೆ ತಕ್ಕ ಗತ್ತಿನಲ್ಲಿ ಹೇಳಿ ಒಳಗೆ ನಡೆದರು.

ಕೋಣೆಯಲ್ಲಿ ಭಾವಮೈದನಿಗೆ ಕುರ್ಚಿ ಕೊಟ್ಟು, "ಈಗ ನೋಡು, ಇಡೀ ಊರಿನ ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ ಇಲ್ಲಿಂದಲೇ ಹೇಳ್ತೀನಿ" ಎಂದು ಟ್ಯಾಂಕ್ ಎಂಬ ಒಂದು ಪದವನ್ನು ಕುಟ್ಟಿ, ಬೆರಳನ್ನು ಎತ್ತರದಿಂದ ಇಳಿಸಿ ಎಂಟರ್ ಒತ್ತಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು.

"ಏನಂತಿದೆ ಭಾವ?"

"ಕಮಾಂಡ್ ಸಿಗಲಿಲ್ಲ ಅಂತಿದೆ."

"ಅರೆ, ಇದೂ ನಿಮ್ಮ ಥರಾನೇ ಮಾತಾಡುತ್ತಲ್ಲ!"

ಹುಡುಗ ಕುಹಕಕ್ಕೆ ಹೇಳಿದ್ದಲ್ಲ. ಆದರೂ ಭಾವನವರಿಗೆ ಚುರುಕ್ಕೆಂದಿತು. ಹಳೆಯ ಆಪರೇಟರ್ ಟ್ಯಾಂಕಿನ ಪ್ರೋಗ್ರಾಮನ್ನು ಬೇರೊಂದು ಜಾಗದಲ್ಲಿ ಇಟ್ಟಿದ್ದ. ಅದರ ಉದ್ದನೆಯ ಪೂರ್ತಿ ವಿಳಾಸ ಬರೆದರೆ ಮಾತ್ರ ಓಡುತ್ತಿತ್ತು. ಅಷ್ಟುದ್ದ ಕುಟ್ಟುತ್ತ ಕೂತರೆ ರೂಟಿನ ಮರ್ಯಾದೆ ಏನಾಯಿತು?

"ತಪ್ಪು ನನ್ನದಲ್ಲ. ಇದಕ್ಕೆ ಎಲ್ಲಿ ಹುಡುಕಬೇಕು ಅಂತ ಗೊತ್ತಿಲ್ಲ" ಎಂದರು. "ನಾವು ಒಂದು ಹೆಸರು ಹೇಳಿದ್ರೆ, ಇದು ಆ ಹೆಸರಿನ ಪ್ರೋಗ್ರಾಮ್ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗುತ್ತೆ. ಮೊದಲು ಎಲ್ಲಿ ನೋಡಬೇಕು, ಅಲ್ಲಿಲ್ದಿದ್ರೆ ಆಮೇಲೆ ಎಲ್ಲಿ ನೋಡಬೇಕು ಅಂತ ಒಂದು ಸಾಲು ಬರೆದಿಟ್ಟಿರ್ತಾರೆ. ಪಾತ್ ಅಂತಾರೆ ಅದಕ್ಕೆ. ರೂಟಿನ ಪಾತು ಬೇರೆ, ಸಾಮಾನ್ಯರ ಪಾತು ಬೇರೆ. ಇರು, ನಂದು ಸರಿ ಮಾಡ್ತೀನಿ."

ಅವರು ಆ ಸಾಲನ್ನು ತೆರೆದರು. ಒಂದರ ಹಿಂದೊಂದು ಹಲವು ಜಾಗಗಳ ಹೆಸರು, ನಡುನಡುವೆ ಒಂದರ ಮೇಲೊಂದು ಇಟ್ಟ ಎರಡು ಚುಕ್ಕಿ. ಆ ಸಾಲಿನ ಕೊನೆಗೆ ಎರಡು ಚುಕ್ಕಿ ಇಟ್ಟು ಇನ್ನೊಂದು ಜಾಗದ ಹೆಸರನ್ನು ಸೇರಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ನಾನೂ ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ಆದರೆ ಬರೆಯಲು ಕೂತವರು ಯಾರು?

"ಒಂದು ವಸ್ತು ಹುಡುಕೋಕೆ ಇಷ್ಟು ಜಾಗ ಯಾಕೆ ಬೇಕು?" ಎಂದು ಅವರು ಹುಬ್ಬೇರಿಸಿದರು. "ಸುಮ್ನೆ ಕಸ."

ಎಲ್ಲವನ್ನೂ ಅಳಿಸಿದರು. ಟ್ಯಾಂಕಿನ ಪ್ರೋಗ್ರಾಮ್ ಇದ್ದ ಒಂದೇ ಒಂದು ಜಾಗದ ಹೆಸರನ್ನು ಬರೆದರು.

"ಭಾವ, ಅಳಿಸಲೇಬೇಕಿತ್ತಾ? ಪಕ್ಕದಲ್ಲಿ ಸೇರಿಸಿದ್ರೆ ಸಾಕಾಗ್ತಿರಲಿಲ್ವಾ?"

"ನೀನು ಬೆಂಕಿ ಆರಿಸೋದು ನೋಡ್ಕೊ."

ಹೊರಗೆ ಬಂದು ಮತ್ತೆ ರೂಟ್ ಆಗಿ ಒಳಗೆ ಹೋದರು. ಟ್ಯಾಂಕ್ ಎಂದು ಕುಟ್ಟಿದರು. "ಬಾ, ಎಂಟರ್ ನೀನೇ ಒತ್ತು. ಸೋಮವಾರ ನೌಕರಿಗೆ ಹೋಗೋನು" ಎಂದು ಔದಾರ್ಯ ತೋರಿಸಿದರು. ಹುಡುಗ ಒಂದೇ ಬೆರಳಿನಿಂದ ಮೆತ್ತಗೆ ಒತ್ತಿದ. ಟ್ಯಾಂಕು ಮುಕ್ಕಾಲು ತುಂಬಿದೆಯೆಂದು ಪರದೆ ಹೇಳಿತು. ಭಾವಮೈದ "ಭೇಷ್ ಭಾವ!" ಎಂದ. ಕಿಟಕಿಯ ಹೊರಗಿಂದ ಕಾವಲುಗಾರ ಇಣುಕಿ ನೋಡಿ ಹೋದ. ಸಿಗಲಿಲ್ಲಪ್ಪನವರು ಪರದೆ ಆರಿಸಿ, ಬೀಗ ಹಾಕಿ, ಎದೆಯುಬ್ಬಿಸಿ ಮನೆಗೆ ಬಂದರು.

ಶುಕ್ರವಾರ ಬೆಳಗ್ಗೆ ಕೋಣೆ ತೆರೆದು ರೂಟ್ ಆಗಿ ಒಳಗೆ ಹೋದರು. ಏನೇನು ಕಡತಗಳಿವೆಯೆಂದು ತೋರಿಸುವ ಎಲ್ಎಸ್ ಎಂಬ ಆಜ್ಞೆ ಕೊಟ್ಟರು. ಸಿಗಲಿಲ್ಲ. ನಕಲು ಮಾಡುವ ಸಿಪಿ. ಸಿಗಲಿಲ್ಲ. ಇವತ್ತಿನ ತಾರೀಖಾದರೂ ಹೇಳೆಂದು ಡೇಟ್ ಎಂದು ಕುಟ್ಟಿದರು. ಅದೂ ಸಿಗಲಿಲ್ಲ.

ಜೀವಮಾನವಿಡೀ ತಾವು ಆಡಿದ ಮಾತನ್ನೇ ಯಾರೋ ತಿರುಗಿಸಿ ತಮ್ಮ ಮುಖಕ್ಕೆ ಆಡಿದರೆ ಯಾರಿಗಾದರೂ ತಡೆಯುವುದು ಕಷ್ಟ. ಕೊನೆಯದಾಗಿ ಟ್ಯಾಂಕ್ ಎಂದು ಕೇಳಿದರು. ಅದು ಮಾತ್ರ ಓಡಿತು. ಬೇರೆ ಯಾರಾದರೂ ಇಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ಸಿಗಲಿಲ್ಲಪ್ಪನವರು ತಮ್ಮ ಕ್ರಮವನ್ನು ಬಿಡಲಿಲ್ಲ.

"ಸಾರ್, ಲೂಟಿ!" ಎಂದು ಸಾಹೇಬರ ಕೋಣೆಗೆ ನುಗ್ಗಿದರು. "ಎಲ್ಲಾ ಬಳ್ಕೊಂಡು ಹೋಗಿದ್ದಾರೆ ಸಾರ್! ತಾರೀಖು ಕೂಡ ಬಿಟ್ಟಿಲ್ಲ!"

ಸಾಹೇಬರು ದೊಡ್ಡ ಎಂಜಿನಿಯರು, ಮೇಲಿನವರಿಗೆ ತಿಳಿಸಿಬಿಟ್ಟರೆ ತಮ್ಮ ಜವಾಬ್ದಾರಿ ಮುಗಿಯಿತೆಂದು ನಂಬಿದವರು. ಅವರು ಟೀ ಲೋಟ ಕೆಳಗಿಟ್ಟರು.

"ಹಾಗಾದ್ರೆ ನೀರು?"

"ನೀರೂ ಹೋಯ್ತು ಅಂತಾನೇ ಇಟ್ಕೊಳ್ಳಿ ಸಾರ್."

ಸಾಹೇಬರು ಮೇಲಿನವರಿಗೆ ತಿಳಿಸಿದರು. ಪೊಲೀಸರಿಗೆ ತಿಳಿಸಿದರು. ಮೈಕು ಕಟ್ಟಿದ ಗಾಡಿಯೊಂದು ಬೀದಿಗಿಳಿದು, ನೀರಿನ ಯಂತ್ರ ಕಳ್ಳತನವಾಗಿದೆಯೆಂದೂ ಮುಂದೆ ಯಾವಾಗ ನೀರು ಬರುತ್ತದೋ ಹೇಳಲಾಗುವುದಿಲ್ಲವೆಂದೂ ಸಾರುತ್ತ ಹೋಯಿತು.

ಇತ್ತ ವಾಲ್ವ್‌ಗಳನ್ನು ತೆರೆದು ಮುಚ್ಚುವ ಪ್ರೋಗ್ರಾಮ್ ತನ್ನಪಾಡಿಗೆ ತಾನು ಓಡುತ್ತಲೇ ಇತ್ತು. ರೂಟ್ ಯಾವ ಸಾಲು ಅಳಿಸಿದ, ಯಾವ ಸಾಲು ಬರೆದ ಎಂಬುದು ಅದಕ್ಕೆ ಬೇಕಾಗಿರಲಿಲ್ಲ. ಹೀಗಾಗಿ ಮೈಕಿನ ಗಾಡಿ ಬೀದಿಯ ಒಂದು ತುದಿಯಲ್ಲಿ ನೀರಿಲ್ಲವೆಂದು ಕೂಗುತ್ತಿದ್ದಾಗಲೇ ಇನ್ನೊಂದು ತುದಿಯಲ್ಲಿ ನಲ್ಲಿಗಳು ಭರ್ರೆಂದು ಸುರಿಯತೊಡಗಿದವು.

ಬೀದಿಯ ಟೈಲರು ಕಚೇರಿಗೆ ಫೋನು ಮಾಡಿದ. "ಸಾರ್, ನೀರು ಬರ್ತಾ ಇದೆಯಲ್ಲ, ಏನ್ಮಾಡೋದು?"

"ಅದು ಪೈಪಲ್ಲಿ ಉಳಿದಿರೋ ಕೊನೇ ನೀರು ಕಣ್ರೀ!" ಎಂದು ಸಾಹೇಬರು ಕಿರುಚಿದರು. "ಹಿಡ್ಕೊಳ್ಳಿ, ಹಿಡ್ಕೊಳ್ಳಿ!"

ಊರು ಹಿಡಿದುಕೊಂಡಿತು. ಡ್ರಮ್ಮು, ಬಕೆಟ್ಟು, ಬೋಗುಣಿ ಮುಗಿದು ಲೋಟಗಳಿಗೆ ಬಂತು. ಟೈಲರು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯನ್ನೂ ತುಂಬಿಸಿಟ್ಟ.

ಇನ್ಸ್‌ಪೆಕ್ಟರು ಒಬ್ಬ ಪೇದೆಯೊಂದಿಗೆ ಬಂದರು. ಗಂಭೀರ ಮನುಷ್ಯ. ಕಂಪ್ಯೂಟರ್ ಕೋಣೆಯ ಬಾಗಿಲು, ಕಿಟಕಿ, ಬೀಗ ಎಲ್ಲವನ್ನೂ ಮುಟ್ಟಿ ನೋಡಿ ಕುರ್ಚಿಯಲ್ಲಿ ಕೂತರು.

"ಬೀಗ ಒಡೆದಿಲ್ಲ. ಸರಿ, ಏನೇನು ಹೋಗಿದೆ ಹೇಳಿ."

"ಮೊದಲನೇದು ಎಲ್ಎಸ್ ಸಾರ್."

"ಹಿತ್ತಾಳೆದಾ? ಸ್ಟೀಲಿಂದಾ?"

"ಲೋಹ ಅಲ್ಲ ಸಾರ್. ಒಳಗೆ ಏನೇನಿದೆ ಅಂತ ತೋರಿಸುತ್ತೆ."

"ಟಾರ್ಚ್ ಅಂತ ಬರ್ಕೊಳಪ್ಪಾ" ಎಂದರು ಪೇದೆಗೆ. "ಮುಂದೆ?"

"ಸಿಪಿ ಸಾರ್. ಒಂದಿದ್ದದ್ದನ್ನ ಎರಡು ಮಾಡುತ್ತೆ."

ಇನ್ಸ್‌ಪೆಕ್ಟರು ತಲೆಯೆತ್ತಿ ಸಾಹೇಬರನ್ನು ದಿಟ್ಟಿಸಿದರು. "ಇಂಥಾದ್ದೆಲ್ಲ ಆಫೀಸಲ್ಲಿ ಇಟ್ಕೊಂಡು ನಮಗೆ ಒಂದು ಮಾತು ತಿಳಿಸಬಾರದಾ?"

"ನನಗೇ ಗೊತ್ತಿರಲಿಲ್ಲ ಸಾರ್" ಎಂದು ಸಾಹೇಬರು ಬೆವರೊರೆಸಿಕೊಂಡರು.

"ಆಮೇಲೆ ಆರ್‌ಎಂ. ಅದು ಇದ್ದದ್ದನ್ನ ಇಲ್ಲದ ಹಾಗೆ ಮಾಡುತ್ತೆ."

"ಆಯುಧ. ಬರ್ಕೊ."

"ಇನ್ನೊಂದು, ಒಳಗೆ ಯಾರ್ಯಾರಿದ್ದಾರೆ ಅಂತ ಹೇಳೋದು."

"ಅಂದ್ರೆ ಕಾವಲುಗಾರ! ಅವನನ್ನೂ ಹೊತ್ಕೊಂಡು ಹೋಗಿದ್ದಾರಾ?"

"ನಾನು ಇಲ್ಲೇ ಇದ್ದೀನಿ ಸಾರ್!" ಎಂದು ಬಾಗಿಲಲ್ಲಿದ್ದ ಕಾವಲುಗಾರ ಗಾಬರಿಯಿಂದ ಮುಂದೆ ಬಂದ. ಬಂದವನು ಸುಮ್ಮನೆ ನಿಲ್ಲದೆ, "ನಿನ್ನೆ ಸಂಜೆ ಹೊರಗಿನವರೊಬ್ರು ಬಂದಿದ್ರು ಸಾರ್. ಕಿಟಕೀಲಿ ನೋಡ್ದೆ. ಈ ಮಿಷನ್ನಿನ ಮೇಲೆ ಏನೋ ಒತ್ತುತಾ ಇದ್ರು" ಎಂದ.

ಇನ್ಸ್‌ಪೆಕ್ಟರು ಸಿಗಲಿಲ್ಲಪ್ಪನವರತ್ತ ತಿರುಗಿದರು. "ಯಾರದು?"

"ನನ್ನ... ನನ್ನ ಹೆಂಡತಿ ತಮ್ಮ ಸಾರ್."

"ನೀವೇ ಕರ್ಕೊಂಡು ಬಂದ್ರಾ?"

ಸಾಹೇಬರು ಅವರನ್ನೇ ನೋಡುತ್ತಿದ್ದರು. ಹೊರಗಿನವರನ್ನು ಆ ಕೋಣೆಗೆ ಬಿಡಬಾರದೆಂದು ಬಾಗಿಲ ಮೇಲೆ ಕೆಂಪಕ್ಷರದ ಹಲಗೆ ನೇತಾಡುತ್ತಿತ್ತು.

"ಅವನೇ... ನೋಡಬೇಕು, ನೋಡಬೇಕು ಅಂತ ಹಟ ಮಾಡ್ದ ಸಾರ್."

ಈ ಒಂದು ಮಾತನ್ನು ಅವರು ಆಡಬಾರದಿತ್ತು. ನಾನು ಅವರ ಕಡೆಯವನೇ, ಅವರ ಹುಂಬತನವನ್ನೆಲ್ಲ ನಕ್ಕು ಮನ್ನಿಸುವವನು. ಇದನ್ನು ಮಾತ್ರ ಮನ್ನಿಸಲಾರೆ.

"ಏನಾದ್ರೂ ಉಳಿದಿದೆಯಾ?" ಎಂದು ಕೇಳಿದರು ಇನ್ಸ್‌ಪೆಕ್ಟರು.

"ಟ್ಯಾಂಕ್ ಅಂತ ಒಂದು ಉಳಿದಿದೆ ಸಾರ್. ನಿನ್ನೆ ಅವನಿಗೆ ತೋರಿಸಿದ್ದು ಅದೇ."

"ಅವನು ನೋಡಿದ್ದು ಅದೊಂದೇ, ಉಳಿದಿರೋದೂ ಅದೊಂದೇ!" ಇನ್ಸ್‌ಪೆಕ್ಟರು ತೊಡೆ ತಟ್ಟಿದರು. "ತನ್ನ ಮೇಲೆ ಅನುಮಾನ ಬರದ ಹಾಗೆ ಅದನ್ನ ಬಿಟ್ಟು ಹೋಗಿದ್ದಾನೆ. ಚಾಲಾಕಿ."

ಪೇದೆ ಹೋದಾಗ ಹುಡುಗ ಅಕ್ಕನಿಗೆ ಡ್ರಮ್ಮು ತುಂಬಿಸಿಕೊಡುತ್ತಿದ್ದ. ಹೊಸಿಲ ಮೇಲೆ ಪೊಲೀಸನನ್ನು ಕಂಡು, ತನ್ನ ಪತ್ರ ಬಂತೆಂದು ಒದ್ದೆ ಕೈ ಒರೆಸಿಕೊಂಡು ನಗುತ್ತ ಎದುರು ಬಂದನಂತೆ. ಇದನ್ನು ಆಮೇಲೆ ಹೇಳಿದ್ದು ಅಕ್ಕ. ನೀರಿನಲ್ಲಿ ನೆನೆದ ಪ್ಯಾಂಟಿನಲ್ಲೇ ಅವನನ್ನು ಪೇದೆ ಕಚೇರಿಗೆ ನಡೆಸಿಕೊಂಡು ಬಂದ. ಬಕೆಟ್ಟು ಹಿಡಿದು ನಿಂತ ಬೀದಿಯೆಲ್ಲ ಅವನನ್ನು ನೋಡಿತು. ಹಿಂದಿನಿಂದ ಅಕ್ಕ ಚಪ್ಪಲಿಯನ್ನೂ ಹಾಕದೆ ಬಂದಳು.

"ನಿನ್ನ ನಡತೆ ಪತ್ರ ನನ್ನ ಹತ್ತಿರಾನೇ ಇದೆ ಕಣಯ್ಯಾ" ಎಂದು ಇನ್ಸ್‌ಪೆಕ್ಟರು ಚೀಲದಿಂದ ಒಂದು ಹಾಳೆ ಹೊರತೆಗೆದರು. "ಇವತ್ತು ಸಹಿ ಹಾಕೋಣ ಅಂತಿದ್ದೆ. ಏನು ಬರೀಲಿ ಈಗ?"

ಹುಡುಗ ಭಾವನತ್ತ ನೋಡಿದ. ಭಾವನವರು ಕೀಬೋರ್ಡಿನ ಧೂಳನ್ನು ಒರೆಸುತ್ತಿದ್ದರು.

ಹೆಂಡತಿ ನೇರವಾಗಿ ಗಂಡನ ಮುಂದೆ ಬಂದು ನಿಂತಳು. "ರೀ, ಏನು ಕಳುವಾಗಿರೋದು?"

"ಎಲ್ಲಾ ಕಣೇ. ಏನೂ ಸಿಗ್ತಿಲ್ಲ."

"ಎಲ್ಲಿ ನೋಡಿದ್ರಿ?"

"ಎಲ್ಲಿ ಅಂದ್ರೆ? ಕಂಪ್ಯೂಟರಲ್ಲಿ."

"ಕಂಪ್ಯೂಟರಲ್ಲಿ ಎಲ್ಲಿ ನೋಡಿದ್ರಿ? ಎಷ್ಟು ಕಡೆ ನೋಡಿದ್ರಿ?"

ಅವಳಿಗೆ ಲಿನಕ್ಸು ಗೊತ್ತಿಲ್ಲ. ಗಂಡ ಗೊತ್ತು, ಅಷ್ಟೆ. ನಿನ್ನೆ ಕಸವೆಂದು ಅಳಿಸಿದ ಆ ಉದ್ದನೆಯ ಸಾಲು ಸಿಗಲಿಲ್ಲಪ್ಪನವರ ಕಣ್ಣ ಮುಂದೆ ಬಂತು.

"ಒಂದ್ನಿಮಿಷ ಎಲ್ರೂ ಹೊರಗಿರಿ" ಎಂದು ಬಾಗಿಲು ಹಾಕಿಕೊಂಡರು. ಈ ಕೋಣೆಯಲ್ಲಿ ಮೊದಲ ಸಲ, ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಒಳಗೆ ಹೋದರು. ಎಲ್ಎಸ್ ಎಂದರು. ಕಡತಗಳೆಲ್ಲ ಸಾಲಾಗಿ ಬಂದು ನಿಂತವು. ಡೇಟ್ ಎಂದರು. ಶುಕ್ರವಾರ ಎಂದಿತು. ಒಂದು ಸೂಜಿಯೂ ಕಳುವಾಗಿರಲಿಲ್ಲ. ಯಜಮಾನನಿಗೆ ಒಂದೇ ಗೂಟ ನೋಡಲು ಹೇಳಿಕೊಟ್ಟವರು ತಾವೇ. ಹಳೆಯ ಆಪರೇಟರ್ ಆ ಸಾಲಿದ್ದ ಕಡತದ ಒಂದು ನಕಲನ್ನು ಪಕ್ಕದಲ್ಲೇ ಇಟ್ಟುಹೋಗಿದ್ದ. ರೂಟ್ ಆಗಿ ಮರಳಿ, ಸಿಪಿಯನ್ನು ಅದರ ಪೂರ್ತಿ ವಿಳಾಸ ಹೇಳಿ ಕರೆದು, ಹಳೆಯ ಸಾಲನ್ನು ಅದರ ಜಾಗಕ್ಕೆ ತಂದರು. ಹೊರಗೆ ಬಂದು ಮತ್ತೆ ರೂಟ್ ಆಗಿ ಹೋದರೆ ಎಲ್ಲವೂ ಸಿಕ್ಕಿತು. ನಾಚಿಕೆಯಿಂದ ಕಿವಿ ಕಾದುಹೋಯಿತು. ಬಾಗಿಲಾಚೆ ಸಾಹೇಬರು ಕೆಮ್ಮುವುದು ಕೇಳಿಸಿತು.

ಆಗಲೇ ಬಾಗಿಲು ತೆರೆದು ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಬಾಗಿಲು ತೆರೆದಾಗ ಎದುರಿಗೆ ಕಂಡದ್ದು ಸಾಹೇಬರ ಮುಖ. ಬಾಯಿಂದ ಬಂದದ್ದು ಇನ್ನೊಂದು.

"ಸಾರ್, ಎಲ್ಲಾ ಬಂದಿದೆ! ಕಳ್ಳ ವಾಪಸ್ ತಂದಿಟ್ಟಿದ್ದಾನೆ!"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಆ ಮಾತನ್ನು ಅವಳು ಟವೆಲ್ಲಿನ ಜೊತೆ ಎಷ್ಟು ಸಲ ಕೊಟ್ಟಿದ್ದಳೋ. ಅವಳಿಗೆ ಪೂರ್ತಿ ಅರ್ಥವಾಯಿತು.

"ಭೇಷ್" ಎಂದು ಇನ್ಸ್‌ಪೆಕ್ಟರು ಒಳಗೆ ಬಂದರು. "ತಂದಿಟ್ಟಿದ್ದಾನೆ ಅಂದ್ಮೇಲೆ ಕದ್ದಿದ್ದಂತೂ ನಿಜ. ನನ್ನ ಮುಖ ನೋಡಿದ ತಕ್ಷಣ ವಾಪಸ್ ಕೊಟ್ಟಿದ್ದಾನೆ." ಹುಡುಗನ ಕಡೆ ತಿರುಗಿ, "ಹೇಗೆ ಕೊಟ್ಟೆ ಅಂತ ಆಮೇಲೆ ಕೇಳ್ತೀನಿ. ಮೊದಲು ಹೇಳು, ನಿನ್ನೆ ಈ ಮಿಷನ್ ಮುಟ್ಟಿದ್ಯಾ ಇಲ್ವಾ?"

ಹುಡುಗ ನಿನ್ನೆ ಪಕ್ಕದಲ್ಲೇ ಕೂತಿದ್ದ. ಅಳಿಸಲೇಬೇಕಿತ್ತಾ ಎಂದೂ ಕೇಳಿದ್ದ. ಏನಾಗಿದೆಯೆಂದು ಊಹಿಸಲಾರದಷ್ಟು ದಡ್ಡನಲ್ಲ. ಅವನು ಸಾಹೇಬರನ್ನು ನೋಡಿದ, ಬೆವರುತ್ತಿದ್ದ ಭಾವನನ್ನು ನೋಡಿದ, ತಲೆ ತಗ್ಗಿಸಿದ.

"ಹೌದು ಸಾರ್" ಎಂದ. "ಎಂಟರ್ ಒತ್ತಿದ್ದು ನಾನೇ."

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ಸಾರ್! ಬರೀಬೇಡಿ!"

ಅದು ಟವೆಲ್ಲಿಗೆ ಕೂಗುವ ದನಿಯೇ. ಕೂಗಿದ ಮೇಲೆ ಮಾತ್ರ ದನಿ ಕುಸಿಯಿತು. "ಏನೂ ಕಳುವಾಗಿಲ್ಲ ಸಾರ್. ಎಲ್ಲಾ ಇದ್ದಲ್ಲೇ ಇತ್ತು. ಎಲ್ಲೆಲ್ಲಿ ಹುಡುಕಬೇಕು ಅನ್ನೋ ಸಾಲು ಒಂದಿತ್ತು, ಅದನ್ನ ನಾನೇ ಅಳಿಸಿದೆ. ಅಳಿಸಲೇಬೇಕಿತ್ತಾ ಅಂತ ಅವನು ಕೇಳಿದ್ದ. ನೋಡಬೇಕು ಅಂತ ಹಟ ಮಾಡಿದ್ದೂ ಅವನಲ್ಲ. ನಾನೇ ಜಂಭ ತೋರಿಸೋಕೆ ಕರ್ಕೊಂಡು ಬಂದೆ."

ಯಾರೂ ನಂಬಲಿಲ್ಲ. "ಭಾವಮೈದನನ್ನ ಉಳಿಸೋಕೆ ಹೀಗಂತಿದ್ದೀರಿ" ಎಂದರು ಇನ್ಸ್‌ಪೆಕ್ಟರು. ಹೀಗೆ ಸಿಗಲಿಲ್ಲಪ್ಪನವರು ತಮ್ಮ ದಡ್ಡತನವನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕಾಗಿ ಬಂತು. ಎಲ್ಲರೂ ಪರದೆಯ ಸುತ್ತ ನಿಂತರು. ಅವರು ಸಾಲನ್ನು ಅಳಿಸಿದರು, ಟಾರ್ಚು, ಆಯುಧ, ಕಾವಲುಗಾರ ಎಲ್ಲ ಮಾಯವಾದವು. ಸಾಲನ್ನು ಬರೆದರು, ಎಲ್ಲ ಬಂದವು. "ಇನ್ನೊಂದ್ಸಲ" ಎಂದರು ಇನ್ಸ್‌ಪೆಕ್ಟರು. ಇನ್ನೊಂದು ಸಲ ಮಾಡಿ ತೋರಿಸಿದರು. "ನನಗೆ ಸರಿಯಾಗಿ ಕಾಣಲಿಲ್ಲ" ಎಂದು ಕಾವಲುಗಾರನೂ ಮುಂದೆ ಬಂದ. ಅವನಿಗಾಗಿ ಮತ್ತೊಂದು ಸಲ.

"ಅಂದ್ರೆ ಕಳ್ಳತನಾನೇ ಆಗಿಲ್ವಾ?" ಸಾಹೇಬರ ದನಿ ಕೀರಲಾಯಿತು. "ನಾನು ಮೇಲಿನವರಿಗೆ ತಿಳಿಸಿಬಿಟ್ಟಿದ್ದೀನಲ್ರೀ!"

"ನಿಮ್ಮ ಯಜಮಾನ್ರು ಮನೇಲೂ ಹೀಗೇನಾಮ್ಮಾ?" ಎಂದು ಇನ್ಸ್‌ಪೆಕ್ಟರು ಹೆಂಡತಿಯನ್ನು ಕೇಳಿದರು.

"ಮನೇಲಿ ಪೊಲೀಸರನ್ನ ಕರೆಯಲ್ಲ ಸಾರ್. ನನ್ನನ್ನ ಕರೀತಾರೆ."

ಇನ್ಸ್‌ಪೆಕ್ಟರು ಪೇದೆಯ ಕೈಯಿಂದ ಕಳುವಾದ ವಸ್ತುಗಳ ಹಾಳೆ ತೆಗೆದುಕೊಂಡು ನಾಲ್ಕಾಗಿ ಹರಿದರು. ಇನ್ನೊಂದು ಹಾಳೆಯ ಮೇಲೆ, ನಡತೆ ಉತ್ತಮ ಎಂದು ಬರೆದು ಸಹಿ ಹಾಕಿ ಹುಡುಗನ ಕೈಗಿತ್ತರು. "ನಿಮಗೆ ಇಂಥ ಪತ್ರ ಬೇಕಾದ್ರೆ ಬೇರೆ ಸ್ಟೇಷನ್ನಿಗೆ ಹೋಗಿ" ಎಂದು ಸಿಗಲಿಲ್ಲಪ್ಪನವರಿಗೆ ಹೇಳಿ ಜೀಪು ಹತ್ತಿದರು. ಸಾಹೇಬರು ರೂಟಿನ ಪಾಸ್‌ವರ್ಡನ್ನು ಬದಲಾಯಿಸುವಂತೆ ಹಳೆಯ ಆಪರೇಟರಿಗೆ ಅಲ್ಲೇ ಫೋನು ಮಾಡಿದರು, ಇವರ ಎದುರಿಗೇ.

ಅಕ್ಕ, ತಮ್ಮ ಇಬ್ಬರೂ ಮುಂದೆ ಹೋದರು. ಸಿಗಲಿಲ್ಲಪ್ಪನವರು ಕಚೇರಿ ಮುಚ್ಚುವವರೆಗೆ ಕಾದು, ಸಂದಿಗೊಂದಿಗಳಲ್ಲಿ ಸುತ್ತಿ ಹೊರಟರು. ಸಂದಿಗೊಂದಿಗಳಲ್ಲೂ ಜನರಿದ್ದರು. ಎಲ್ಲರೂ ಸಿಕ್ಕಸಿಕ್ಕದ್ದರಲ್ಲಿ ತುಂಬಿಟ್ಟುಕೊಂಡು ಟ್ಯಾಂಕು ಬರಿದಾಗಿ, ಬೀದಿಯ ಕೊನೆಯ ಮನೆಗಳಿಗೆ ಸಂಜೆಯ ನೀರು ನಿಜವಾಗಿಯೇ ಬಂದಿರಲಿಲ್ಲ. "ಏನ್ ಸಾರ್, ಸಿಕ್ತಾ?" ಎಂದು ಟೈಲರು ಅಂಗಡಿಯಿಂದಲೇ ಕೇಳಿದ. ಅವರು ಹೆಜ್ಜೆ ಬಿರುಸು ಮಾಡಿದರು.

ಹಜಾರದಲ್ಲಿ ಭಾವಮೈದ ಇರಲಿಲ್ಲ. ಬಾಗಿಲ ಪಕ್ಕ ಇರುತ್ತಿದ್ದ ಅವನ ಚೀಲವೂ ಇರಲಿಲ್ಲ. ಹೊರಟೇ ಹೋದ, ಮುಖ ನೋಡುವುದೂ ಬೇಡವೆಂದು ಹೋದ ಎನ್ನಿಸಿತು.

"ಸಿಗ..." ಎಂದು ಬಾಯಿ ತೆರೆದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವರು ಬಾಯಿ ಮುಚ್ಚಿದರು. ಕೋಣೆಯ ಬಾಗಿಲು ತಳ್ಳಿ ನೋಡಿದರು. ಚೀಲ ಮಂಚದ ಕೆಳಗಿತ್ತು, ಅವನಿರಲಿಲ್ಲ. ಬಚ್ಚಲಮನೆ ನೋಡಿದರು. ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆ ಸರಿಸಿ ನೋಡಿದರು. ಮಹಡಿ ಹತ್ತಿದರು. ಅಲ್ಲಿಂದ ಬಗ್ಗಿ ನೋಡಿ, ಮತ್ತೆ ಇಳಿದು ಬೀದಿಗೆ ಬಂದು, ಟೈಲರ ಅಂಗಡಿಯೊಳಗೆ ಇಣುಕಿ ಬೈಸಿಕೊಂಡು, ಕೊನೆಯ ಮನೆಗಳ ಕಡೆ ನಡೆದರು.

ಹುಡುಗ ಅಲ್ಲಿದ್ದ. ಅಕ್ಕನ ಮನೆಯ ನೀರಿನ ಡ್ರಮ್ಮನ್ನು ಎರಡೂ ಕೈಯಿಂದ ತಬ್ಬಿ ಎಳೆಯುತ್ತ, ನೀರು ಬಾರದ ಮನೆಯೊಂದರ ಮೆಟ್ಟಿಲ ಹತ್ತಿರ ಬಂದಿದ್ದ. ಭಾವನನ್ನು ಕಂಡು ನಿಂತ.

"ನಾನು ಇಲ್ಲಿದ್ದೀನಿ ಅಂತ ಅಕ್ಕ ಹೇಳಿದ್ಲಾ?"

"ಇಲ್ಲ. ನಾನೇ ಹುಡುಕ್ದೆ."

"ನೀವಾ? ಎಲ್ಲೆಲ್ಲಿ?"

"ಮೊದಲು ಹಜಾರ" ಎಂದರು ಸಿಗಲಿಲ್ಲಪ್ಪನವರು. ಬೆಳಗ್ಗೆಯಿಂದ ಯಾರನ್ನೂ ನೋಡಲಾಗದ ಕಣ್ಣನ್ನು ನೆಲದಲ್ಲೇ ಇಟ್ಟಿದ್ದರು. "ಆಮೇಲೆ ಕೋಣೆ. ಬಚ್ಚಲು. ಹಿತ್ತಲು. ಮಹಡಿ. ಟೈಲರ ಅಂಗಡಿ..."

ಹುಡುಗ ಡ್ರಮ್ಮಿನಿಂದ ಕೈ ತೆಗೆದು ಅವರನ್ನೇ ನೋಡುತ್ತ ನಿಂತ.

"ಅಷ್ಟು ಕಡೆ ನೋಡಿದ್ರಾ ಭಾವ?"

ಅವರು ಬಗ್ಗಿ ಡ್ರಮ್ಮಿನ ಇನ್ನೊಂದು ಬದಿಯನ್ನು ಹಿಡಿದರು.